ಹತ್ತನೆಯವರು ಬೇಕಾಗಿದ್ದಾರೆ

ನಮ್ಮ ಮನೆಯಲ್ಲಿ ನನ್ನ ವಿದ್ಯೆಗೆ ಕವಡೆ ಕಿಮ್ಮತ್ತಿಲ್ಲ. ಇದನ್ನು ಸಿಟ್ಟಿನಿಂದ ಹೇಳುತ್ತಿಲ್ಲ. ಇಪ್ಪತ್ತನಾಲ್ಕು ವರ್ಷ ಸಂಸಾರ ಮಾಡಿದ ಗಂಡಸಿಗೆ ಸಿಟ್ಟು ಹುಟ್ಟುವ ಜಾಗವೆಲ್ಲ ಬಟ್ಟೆ ಒಗೆಯುವ ಕಲ್ಲಿನ ಹಾಗೆ ಸವೆದು ನುಣ್ಣಗಾಗಿರುತ್ತದೆ. ದುಃಖದಿಂದ ಹೇಳುತ್ತಿದ್ದೇನೆ, ಅಷ್ಟೆ.

ನಾನು ವಿಶ್ವವಿದ್ಯಾಲಯದಲ್ಲಿ ವಿಶೇಷ ವಿಷಯವಾಗಿ ಓದಿದ್ದು ಆಪರೇಷನ್ಸ್ ರಿಸರ್ಚ್. ಇರುವ ಜನ, ಇರುವ ಸಾಮಾನು, ಇರುವ ಹೊತ್ತು, ಇಷ್ಟರಲ್ಲೇ ಒಂದು ಕೆಲಸವನ್ನು ಎಲ್ಲಕ್ಕಿಂತ ಚೆನ್ನಾಗಿ ಮುಗಿಸುವುದು ಹೇಗೆ ಎಂದು ಗಣಿತದಿಂದ ಕಂಡುಹಿಡಿಯುವ ಶಾಸ್ತ್ರ ಅದು. ಯಾವ ಲಾರಿ ಯಾವ ದಾರಿ ಹಿಡಿಯಬೇಕು, ಉಗ್ರಾಣದಲ್ಲಿ ಎಷ್ಟು ಸರಕಿರಬೇಕು, ಸಾಲು ಬೆಳೆಯದಿರಲು ಎಷ್ಟು ಕಿಟಕಿ ತೆರೆಯಬೇಕು, ಇಂಥ ಲೋಕೋಪಕಾರದ ಪ್ರಶ್ನೆಗಳು. ನಾನು ಸೇರಿದಾಗ ಅಮ್ಮ "ನನ್ನ ಮಗ ಆಪರೇಷನ್ ಕಲೀತಿದ್ದಾನೆ" ಎಂದು ಬೀದಿಗೆಲ್ಲ ಹೇಳಿಕೊಂಡು ಬಂದಳು. ಎದುರುಮನೆಯ ದರ್ಜಿ ತನ್ನ ಹೊಟ್ಟೆನೋವನ್ನು ಎರಡು ವರ್ಷ ನನಗಾಗಿ ಕಾದಿಟ್ಟಿದ್ದ. ನಾನು ಕೊನೆಗೆ ಕೆಲಸಕ್ಕೆ ಸೇರಿದ್ದು ಬಸ್ ಡಿಪೋಗೆ ಎಂದು ತಿಳಿದ ದಿನ ಅವನು ನನ್ನನ್ನು ನೋಡಿದ ನೋಟ ಇವತ್ತಿಗೂ ಮರೆತಿಲ್ಲ.

ಡಿಪೋದಲ್ಲಿ ವೇಳಾಪಟ್ಟಿ ಮಾಡುವುದು ನನ್ನ ಕೆಲಸ. ಯಾವ ಬಸ್ಸು ಎಷ್ಟು ಹೊತ್ತಿಗೆ ಹೊರಡಬೇಕು, ಯಾವ ಚಾಲಕ ಎಲ್ಲಿ ಇಳಿದು ಊಟ ಮಾಡಬೇಕು ಎಂದು ತೀರ್ಮಾನಿಸುವ ಸಾರ್ವಭೌಮ ನಾನು. ಮುನ್ನೂರ ಹನ್ನೆರಡು ಬಸ್ಸುಗಳು ನನ್ನ ಗೆರೆ ದಾಟುವುದಿಲ್ಲ. (ಬೀದಿಯವರು ಬೇರೆ ಥರ ಹೇಳುತ್ತಾರೆ. ಬೀದಿಯವರ ಮಾತು ಕಟ್ಟಿಕೊಂಡು ಏನಾಗಬೇಕು?) ಆದರೆ ಮನೆಯ ಹೊಸ್ತಿಲು ದಾಟಿದೆನೋ, ಹಾಲಿನ ಪಾತ್ರೆಯನ್ನು ಯಾವ ಕಪಾಟಿನಲ್ಲಿಡಬೇಕು ಎಂಬ ವಿಷಯದಲ್ಲೂ ನನ್ನ ಅಭಿಪ್ರಾಯವನ್ನು ಕೇಳುವವರಿಲ್ಲ.

ಹೀಗಿರುವಾಗ ಒಂದು ಶುಕ್ರವಾರ ಸಂಜೆ ಮಗಳು ಚೀಲವನ್ನು ಕುರ್ಚಿಯ ಮೇಲೆ ಎಸೆದು, "ಅಪ್ಪ, ನಿನ್ನ ಸಬ್ಜೆಕ್ಟನ್ನ ಮುಚ್ಚಿಬಿಡ್ತಾರಂತೆ" ಎಂದಳು.

ಮಗಳು ನಾನು ಓದಿದ ವಿಶ್ವವಿದ್ಯಾಲಯದಲ್ಲೇ ಎರಡನೆಯ ವರ್ಷ ಮುಗಿಸಿದ್ದಾಳೆ. ಮೂರನೆಯ ವರ್ಷಕ್ಕೆ ಕಾಲಿಡುವ ಮುಂಚೆ ಪ್ರತಿಯೊಬ್ಬರೂ ಒಂದು ವಿಶೇಷ ವಿಷಯವನ್ನು ಆರಿಸಿಕೊಳ್ಳಬೇಕು.

"ಮುಚ್ಚೋದು ಅಂದ್ರೆ? ಅದೇನು ಅಂಗಡಿನಾ?"

"ಹೊಸ ನಿಯಮ ಬಂದಿದೆ. ಕಡಿಮೆ ಅಂದ್ರೆ ಹತ್ತು ಜನ ಸೇರಬೇಕು. ನಿನ್ನ ವಿಷಯಕ್ಕೆ ಸೇರಿರೋದು ಒಂಬತ್ತೇ. ಬರೋ ಶುಕ್ರವಾರ ಐದು ಗಂಟೆ ತನಕ ಟೈಮ್ ಇದೆ. ಹತ್ತನೆಯವರು ಬರದಿದ್ರೆ ಆ ಒಂಬತ್ತು ಜನಾನೂ ಬೇರೆ ಕಡೆ ಹಂಚಿಬಿಡ್ತಾರೆ. ನಿಮ್ಮ ಮೇಷ್ಟ್ರು ಇವತ್ತು ಕಾರಿಡಾರಿನಲ್ಲಿ ಬೋರ್ಡ್ ಹಾಕ್ಕೊಂಡು ಕೂತಿದ್ರು."

"ಏನಂತ ಬೋರ್ಡು?"

"'ಹತ್ತನೆಯವರು ಬೇಕಾಗಿದ್ದಾರೆ.' ಅಷ್ಟೇ."

ಅಷ್ಟೇ ಇರುತ್ತದೆ. ನಮ್ಮ ಮೇಷ್ಟ್ರು ಎರಡು ಪದದಲ್ಲಿ ಮುಗಿಯುವುದನ್ನು ಮೂರು ಪದದಲ್ಲಿ ಹೇಳಿದವರಲ್ಲ. ಪ್ರತಿ ಲೆಕ್ಕದ ಕೊನೆಗೂ "ಕನಿಷ್ಠ ಎಷ್ಟು?" ಎಂದು ಕೇಳುತ್ತಿದ್ದರಿಂದ ಅವರಿಗೆ ನಾವಿಟ್ಟ ಹೆಸರು ಕನಿಷ್ಠ ಮೇಷ್ಟ್ರು. ಅವರ ಸೀಮೆಸುಣ್ಣದ ತುಂಡು ಹೆಸರುಕಾಳಿನಷ್ಟು ಆಗುವವರೆಗೂ ಬೆರಳ ತುದಿಯಲ್ಲಿ ಜೀವ ಹಿಡಿದಿರುತ್ತಿತ್ತು. ಕೊನೆಗೆ ಅವರು ಬರಿ ಉಗುರಿನಲ್ಲೇ ಬರೆಯುತ್ತಿದ್ದಾರೇನೋ ಎನ್ನಿಸುತ್ತಿತ್ತು. ನಿವೃತ್ತಿಗೆ ಇನ್ನೆರಡೇ ವರ್ಷ. ಈಗ ಸೇರುವವರೇ ಅವರ ಕೊನೆಯ ತಂಡ. ಆ ಮನುಷ್ಯ ಒಂದು ರಟ್ಟಿನ ಹಿಂದೆ ಕೂತು ಹತ್ತನೆಯವರಿಗಾಗಿ ಕಾಯುತ್ತಿರುವ ಚಿತ್ರ ಕಣ್ಣಿಗೆ ಕಟ್ಟಿತು.

"ನೀನೇ ಸೇರಬಹುದಲ್ಲ?" ಎಂದೆ.

"ನಾನು ಸಸ್ಯಶಾಸ್ತ್ರಕ್ಕೆ ಅರ್ಜಿ ತುಂಬಿ ಇಟ್ಕೊಂಡಿದ್ದೀನಿ ಅಪ್ಪ."

"ಎಲೆ ಎಣಿಸೋಕೆ ಎರಡು ವರ್ಷ ಓದಬೇಕಾ? ನೋಡು, ನಾನು ನಿನ್ನ ವಯಸ್ಸಿನಲ್ಲಿ ಆ ವಿಷಯವನ್ನ ಆರಿಸಿಕೊಂಡಿದ್ದು ಯಾಕೆ ಗೊತ್ತಾ? ದೂರದೃಷ್ಟಿಯಿಂದ..."

"ಹಸಿವಿನಿಂದ" ಎಂದಿತು ಅಡುಗೆಮನೆ.

ನನ್ನ ಹೆಂಡತಿಗೆ ಒಂದು ಶಕ್ತಿ ಇದೆ. ಕುಕ್ಕರ್ ಕೂಗುತ್ತಿರಲಿ, ನಲ್ಲಿ ಸುರಿಯುತ್ತಿರಲಿ, ನಾನು ಸುಳ್ಳಿಗೆ ಬಾಯಿ ತೆರೆದ ಸದ್ದು ಅವಳಿಗೆ ಬೇರೆಯಾಗಿಯೇ ಕೇಳಿಸುತ್ತದೆ.

ಈಗ ಓದುಗರೊಂದಿಗೆ ಮುಚ್ಚುಮರೆ ಏಕೆ? ಇಪ್ಪತ್ತೇಳು ವರ್ಷದ ಹಿಂದೆ ವಿಷಯ ಆರಿಸುವ ದಿನ ವಿಶ್ವವಿದ್ಯಾಲಯದ ದೊಡ್ಡ ಹಜಾರದಲ್ಲಿ ಐದು ಮೇಜು, ಐದು ಸಾಲು. ಎತ್ತರದ ಕಿಟಕಿಗಳಿಂದ ಬಿಸಿಲು ಜಾರಿ ನೆಲದ ಮೇಲೆ ಉದ್ದುದ್ದ ಪಟ್ಟಿಗಳಾಗಿ ಬಿದ್ದಿತ್ತು. ಕ್ಯಾಂಟೀನು ಎರಡಕ್ಕೆ ಮುಚ್ಚುತ್ತಿತ್ತು, ಆಗ ಒಂದೂ ನಲವತ್ತು. ನಾಲ್ಕು ಸಾಲುಗಳು ಬಾಗಿಲಾಚೆಗೂ ಬೆಳೆದಿದ್ದವು. ಐದನೆಯದರಲ್ಲಿ ಇಬ್ಬರೇ ಇದ್ದರು. ನಾನು ಹೋಗಿ ಮೂರನೆಯವನಾದೆ. ಸ್ವಲ್ಪ ಹೊತ್ತಿಗೆ ಹಿಂದೆ ಯಾರೋ ಬಂದು ನಿಂತರು. ಎರಡು ಜಡೆ, ಎದೆಗೊತ್ತಿಕೊಂಡ ನೀಲಿ ರಟ್ಟಿನ ನೋಟ್‌ಬುಕ್ಕು.

"ಇದು ಯಾವ ವಿಷಯದ ಸಾಲು?" ಎಂದು ಕೇಳಿದೆ.

"ಗೊತ್ತಿಲ್ಲದೇನೇ ನಿಂತಿದ್ದೀರಾ?"

"ಚಿಕ್ಕದಾಗಿತ್ತು."

ಅವಳು ನಕ್ಕಳು. ಆ ನಗುವಿಗೆ ನಾನು ಕ್ಯಾಂಟೀನನ್ನು ಮರೆತೆ, ಮೇಜಿನ ಮುಂದೆ ಬಂದಾಗ ಬೇರೆ ಸಾಲುಗಳನ್ನೂ ಮರೆತೆ. ಅವಳಾದರೋ ಕೈಪಿಡಿಯಲ್ಲಿ ಆ ವಿಷಯದ ಒಂದೂವರೆ ಪುಟವನ್ನು ನಾಲ್ಕು ಸಲ ಓದಿ, ಇದೇ ಬೇಕು ಎಂದು ಬಂದವಳು. ಮುಂದೆ ಸಾಲುಗಳ ಸಿದ್ಧಾಂತ ಪಾಠ ಮಾಡುವಾಗ ಮೇಷ್ಟ್ರು ಹೇಳಿದರು: "ಸಾಲು ಚಿಕ್ಕದಿದ್ದರೆ ಎರಡು ಕಾರಣ. ಕಿಟಕಿಯಲ್ಲಿರುವವನು ಚುರುಕು. ಇಲ್ಲವೇ ಒಳಗಿರುವುದು ಯಾರಿಗೂ ಬೇಡ." ಹೇಳುತ್ತ ನನ್ನನ್ನೇ ನೋಡಿದರು. ಅವರಿಗೂ ಗೊತ್ತಿತ್ತೆಂದು ಕಾಣುತ್ತದೆ.

ಹೌದು, ಆ ಎರಡು ಜಡೆಯೇ ಈಗ ಅಡುಗೆಮನೆಯಿಂದ "ಹಸಿವಿನಿಂದ" ಎಂದದ್ದು.

ಇರಲಿ. ಆ ವಿಷಯ ನನಗೆ ಅನ್ನ ಕೊಟ್ಟಿದೆ, ಹೆಂಡತಿಯನ್ನು ಕೊಟ್ಟಿದೆ, ತನ್ಮೂಲಕ ಎಲೆ ಎಣಿಸುವ ಈ ಮಗಳನ್ನೂ ಕೊಟ್ಟಿದೆ. ಅದನ್ನು ಒಬ್ಬರ ಕೊರತೆಯಿಂದ ಸಾಯಲು ಬಿಡುವುದೆ? ಮಗಳ ಮನಸ್ಸನ್ನು ಒಂದು ವಾರದೊಳಗೆ ತಿರುಗಿಸಬೇಕು. ಮಾತಿನಿಂದ ಆಗುವ ಕೆಲಸವಲ್ಲ. ಶಾಸ್ತ್ರದ ಮಹಿಮೆಯನ್ನು ಕಣ್ಣಾರೆ ತೋರಿಸಬೇಕು. ಆ ಹೊತ್ತಿನಲ್ಲೇ ನನಗೆ ಆ ಮಹದಾಲೋಚನೆ ಹೊಳೆಯಿತು: ಬರುವ ಭಾನುವಾರ ಮನೆಯ ಕಾರ್ಯಭಾರವನ್ನೆಲ್ಲ ನಾನು ವಹಿಸಿಕೊಳ್ಳುತ್ತೇನೆ.

"ನೀವಾ?" ಎಂದಳು ಹೆಂಡತಿ.

"ನಾನೇ. ನಿನ್ನ ಭಾನುವಾರದ ಕೆಲಸ ಸಂಜೆ ನಾಲ್ಕಾದರೂ ಮುಗಿಯಲ್ಲ. ನಾನು ಹನ್ನೊಂದೂ ಹತ್ತಕ್ಕೆ ಮುಗಿಸಿ ತೋರಿಸ್ತೀನಿ."

ಶನಿವಾರವೆಲ್ಲ ಕೂತು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಯೋಜನೆ ಬರೆದೆ. ಒಂದೊಂದು ಕೆಲಸಕ್ಕೆ ಒಂದೊಂದು ಚೌಕ, ಯಾವುದಾದ ಮೇಲೆ ಯಾವುದು ಎಂದು ಬಾಣಗಳು, ಎಲ್ಲಕ್ಕಿಂತ ಉದ್ದದ ದಾರಿಗೆ ಕೆಂಪು ಶಾಯಿ. ಆ ದಾರಿಯಲ್ಲಿ ಒಂದು ಕೆಲಸ ತಡವಾದರೆ ಮನೆಯೇ ತಡ. ಎರಡು ವರ್ಷದಿಂದ ಹಾಗೇ ಬಿದ್ದಿದ್ದ, ಮಾಳಿಗೆಯ ನೀರಿನ ಟ್ಯಾಂಕನ್ನು ತೊಳೆಯುವ ಕೆಲಸವನ್ನೂ ಸೇರಿಸಿದೆ. ಒಟ್ಟೊಟ್ಟಿಗೆ ಮಾಡಬಹುದಾದದ್ದನ್ನೆಲ್ಲ ಒಟ್ಟಿಗೇ ಮಾಡುವುದು ಶಾಸ್ತ್ರದ ಜೀವಾಳ. ಆದ್ದರಿಂದ ಏಳು ಗಂಟೆಗೆ ನಾನು ಟ್ಯಾಂಕು, ಮಗಳು ವಾಷಿಂಗ್ ಮೆಷಿನ್ನು, ಹೆಂಡತಿ ಅಡುಗೆ, ಅಮ್ಮನಿಗೆ ತಲೆಸ್ನಾನ. ಚಿತ್ರವನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ ಎಲ್ಲರನ್ನೂ ಸಭೆ ಕರೆದೆ.

"ಸರಿಯಾಗಿ ಹನ್ನೊಂದೂ ಹತ್ತಕ್ಕೆ ಮನೆ ಮುಗಿಯುತ್ತೆ" ಎಂದು ಘೋಷಿಸಿದೆ.

"ಮನೆ ಮುಗಿಯೋದು ಅಂದ್ರೇನೋ! ಕೆಟ್ಟ ಮಾತು ಆಡಬೇಡ" ಎಂದಳು ಅಮ್ಮ.

ಹೆಂಡತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಚಿತ್ರವನ್ನು ಬಹಳ ಹೊತ್ತು ನೋಡಿದಳು. ಬೆರಳಿನಿಂದ ಬಾಣಗಳನ್ನು ಹಿಂಬಾಲಿಸಿದಳು.

"ಇದರಲ್ಲಿ ನೀರು ಎಲ್ಲಿದೆ?"

"ನೀರು ಒಂದು ಕೆಲಸ ಅಲ್ವಲ್ಲ. ನೀರು ಇದೆ ಅಂತ ಇಟ್ಕೊಂಡಿದ್ದೀನಿ."

"ಎಲ್ಲಿ ಇಟ್ಕೊಂಡಿದ್ದೀರಿ?"

"ಇಟ್ಕೊಳ್ಳೋದು ಅಂದ್ರೆ... ಗಣಿತದಲ್ಲಿ."

"ಗಣಿತದಲ್ಲಿ ಇಟ್ಕೊಂಡ ನೀರಲ್ಲಿ ಅಕ್ಕಿ ತೊಳೆಯೋಕಾಗುತ್ತಾ?"

ಮಗಳು ಮುಖ ತಿರುಗಿಸಿ ನಕ್ಕಳು. ನಾನು ಲಕ್ಷ್ಯ ಕೊಡಲಿಲ್ಲ. ಮಹತ್ಕಾರ್ಯಕ್ಕೆ ಹೊರಟವರು ಇಂಥದ್ದನ್ನೆಲ್ಲ ಎದುರಿಸಲೇಬೇಕು.

ಭಾನುವಾರ ಏಳಕ್ಕೆ ಸರಿಯಾಗಿ ಡಿಪೋದಿಂದ ತಂದಿದ್ದ ಸೀಟಿ ಊದಿ ಮಾಳಿಗೆ ಹತ್ತಿದೆ. ಟ್ಯಾಂಕಿನ ಅಡಿಯ ಬಿರಡೆ ತೆಗೆದೆ. ನೀರು ಎಳೆಬಿಸಿಲಿನಲ್ಲಿ ಮಿಂಚುತ್ತ, ಮಾಳಿಗೆಯ ಮೂಲೆಯ ತೂಬಿನಿಂದ ಬೀದಿಗೆ ಧುಮುಕಿತು. ಎಷ್ಟು ಚೆಂದ ಇತ್ತೆಂದರೆ, ನಾನು ಸೊಂಟದ ಮೇಲೆ ಕೈಯಿಟ್ಟು ಹತ್ತು ನಿಮಿಷ ಅದನ್ನೇ ನೋಡುತ್ತ ನಿಂತೆ. ಕೆಳಗೆ ಮೆಷಿನ್ನು ಗುನುಗುತ್ತಿತ್ತು, ಬಚ್ಚಲಿನಲ್ಲಿ ಅಮ್ಮ ಏನೋ ಹಾಡಿಕೊಳ್ಳುತ್ತಿದ್ದಳು. ಇಡೀ ಮನೆ ನನ್ನ ಕೆಂಪು ಗೆರೆಯ ಮೇಲೆ ಓಡುತ್ತಿತ್ತು.

ಏಳೂ ಹನ್ನೆರಡಕ್ಕೆ ಮೆಷಿನ್ನು ಗುನುಗುವುದನ್ನು ನಿಲ್ಲಿಸಿ ಕೀಚ್ ಕೀಚ್ ಎಂದು ಅಳತೊಡಗಿತು. ಏಳೂ ಹದಿನಾಲ್ಕಕ್ಕೆ ಬಚ್ಚಲಿನ ಹಾಡು ನಿಂತಿತು.

"ಲೋ! ಕಣ್ಣಲ್ಲಿ ಸೋಪು! ನೀರೆಲ್ಲೋ?"

ಮೆಟ್ಟಿಲನ್ನು ಎರಡೆರಡು ಹಾರಿ ಕೆಳಗೆ ಬಂದು ಮೋಟರ್ ಗುಂಡಿ ಒತ್ತಿದೆ. ಮೋಟರು ಕೆಮ್ಮಿತು, ಗಾಳಿ ನುಂಗಿತು, ಸುಮ್ಮನಾಯಿತು.

"ತೊಟ್ಟಿಯಲ್ಲಿ ನೀರಿದ್ದರೆ ತಾನೆ ಮೋಟರು ಎತ್ತೋದು?" ಹೆಂಡತಿಯ ದನಿ ಶಾಂತವಾಗಿತ್ತು. "ಭಾನುವಾರ ಬೀದಿ ನೀರು ಬಿಡೋದು ಹತ್ತು ಗಂಟೆಗೆ."

"ಯಾವಾಗಿನಿಂದ?"

"ನಾವು ಈ ಮನೆಗೆ ಬಂದಾಗಿನಿಂದ."

(ಈ ಮನೆಗೆ ಬಂದು ಹತ್ತೊಂಬತ್ತು ವರ್ಷ. ಹತ್ತೊಂಬತ್ತು ವರ್ಷದ ಭಾನುವಾರಗಳನ್ನು ನಾನು ಗುಣಿಸಿ ನೋಡಿದೆ. ಓದುಗರು ಗುಣಿಸಬೇಕಾಗಿಲ್ಲ.)

"ಅಪ್ಪ," ಮಗಳು ಫ್ರಿಜ್ಜಿನ ಮುಂದೆ ನಿಂತು ಕೇಳಿದಳು, "ಅಜ್ಜಿ ಇದರಲ್ಲಿ ಯಾವ ಚೌಕ?"

"ನಾಲ್ಕನೇದು."

"ಅಲ್ಲೇ ಸಿಕ್ಕಿಹಾಕ್ಕೊಂಡಿದ್ದಾರೆ."

"ಯಾರಾದ್ರೂ ಬರ್ತೀರೋ, ಇಲ್ಲ ನಾನು ಹೀಗೇ ಬೀದಿಗೆ ಬರಲೋ?" ಎಂದು ಬಚ್ಚಲು ಗುಡುಗಿತು.

ಆಗ ನನ್ನ ಹೆಂಡತಿ ಮೂಲೆಯ ಸಾಮಾನಿನ ಕೋಣೆಯ ಬಾಗಿಲನ್ನು ತೆಗೆದಳು. ಒಳಗೆ ನಾಲ್ಕು ಬಕೆಟ್ಟುಗಳು, ಮೇಲೆ ತಟ್ಟೆ ಮುಚ್ಚಿಕೊಂಡು, ಕಂಠದ ತನಕ ತುಂಬಿ ಕೂತಿದ್ದವು.

"ಪುಟ್ಟಿ, ಮೊದಲನೇದು ಅಜ್ಜಿಗೆ. ಎರಡನೇದು ಅಡುಗೆಗೆ. ಮೂರನೇದು ಕುಡಿಯೋಕೆ, ಮುಟ್ಟಬೇಡ. ಬಟ್ಟೆ ಹತ್ತರ ತನಕ ನೆನೀಲಿ, ನೆನೆದಷ್ಟೂ ಕೊಳೆ ಬಿಡುತ್ತೆ. ರೀ, ಈ ನಾಲ್ಕನೇದು ನಿಮಗೆ. ಹೇಗೂ ಟ್ಯಾಂಕ್ ಖಾಲಿ ಮಾಡಿದ್ದೀರಲ್ಲ, ಒಳಗಿಳಿದು ಉಜ್ಜಿ. ಹತ್ತರ ತನಕ ನಿಮಗೆ ಬೇರೆ ಕೆಲಸ ಇಲ್ಲ."

ನಾನು ಶನಿವಾರವಿಡೀ ಬರೆದದ್ದನ್ನು ಅವಳು ಅರ್ಧ ನಿಮಿಷದಲ್ಲಿ ತಿದ್ದಿದ್ದಳು.

"ಇದನ್ನ ಯಾವಾಗ ತುಂಬಿಸಿಟ್ಟೆ?"

"ಬೆಳಿಗ್ಗೆ, ನೀವು ಸೀಟಿ ಹುಡುಕ್ತಿದ್ದಾಗ." ಅಕ್ಕಿಗೆ ನೀರು ಸುರಿಯುತ್ತ, ತನಗೆ ತಾನೇ ಹೇಳಿಕೊಳ್ಳುವ ಹಾಗೆ ಅಂದಳು: "ಆಪತ್ತಿಗೆ ದಾಸ್ತಾನು. ಮೂರನೇ ಅಧ್ಯಾಯ."

ಖಾಲಿ ಟ್ಯಾಂಕಿನೊಳಗೆ ಕೂತವನಿಗೆ ಉಸಿರಿನ ಸದ್ದೂ ದೊಡ್ಡದಾಗಿ ಕೇಳುತ್ತದೆ. ನಾನು ಮೊಣಕಾಲೂರಿ ಪಾಚಿ ಉಜ್ಜುತ್ತಿದ್ದೆ. ಮೇಲೆ ದುಂಡನೆಯ ಬಾಯಿಯಲ್ಲಿ ಒಂದು ತಟ್ಟೆಯಷ್ಟು ಆಕಾಶ. ಮೂರನೇ ಅಧ್ಯಾಯ ಎಂದಳಲ್ಲ! ನನಗೆ ಅದು ಎಷ್ಟನೆಯ ಅಧ್ಯಾಯವೆಂದು ನೆನಪಿರಲಿಲ್ಲ. ನೆನಪಿರುವುದಾದರೂ ಹೇಗೆ? ನಾನು ಓದಿದ್ದು ಪುಸ್ತಕವನ್ನಲ್ಲ, ಅವಳ ನೀಲಿ ನೋಟ್‌ಬುಕ್ಕನ್ನು.

ಇದನ್ನು ನಾನು ಯಾರಿಗೂ ಹೇಳಿಲ್ಲ, ಟ್ಯಾಂಕಿನಿಂದ ಹೇಳುತ್ತಿದ್ದೇನೆ. ಆ ತರಗತಿಯಲ್ಲಿ ಕನಿಷ್ಠ ಮೇಷ್ಟ್ರು "ಸರಿ" ಎಂಬ ಎರಡಕ್ಷರ ಖರ್ಚು ಮಾಡುತ್ತಿದ್ದುದು ಅವಳ ಲೆಕ್ಕಕ್ಕೆ ಮಾತ್ರ. ಮೂರನೆಯ ವರ್ಷದ ಅರ್ಧದಲ್ಲಿ ಅವಳ ತಾಯಿ ಹಾಸಿಗೆ ಹಿಡಿದರು, ಮನೆಯಲ್ಲಿ ನೋಡುವವರಿರಲಿಲ್ಲ. ಒಂದು ಮಧ್ಯಾಹ್ನ ಅವಳು ಗ್ರಂಥಾಲಯದ ಮೆಟ್ಟಿಲ ಮೇಲೆ ನೋಟ್‌ಬುಕ್ಕನ್ನು ನನ್ನ ಕೈಗಿಟ್ಟು, "ಇದನ್ನ ಇಟ್ಕೊಂಡಿರಿ, ಬರೋ ವರ್ಷ ಬಂದು ಇಸ್ಕೋತೀನಿ" ಎಂದು ಹೋದಳು. ಅದರ ಬಲದಿಂದ ನಾನು ಪಾಸಾದೆ. ಎರಡು ವರ್ಷದ ಮೇಲೆ ನೋಟ್‌ಬುಕ್ಕು ವಾಪಸು ಕೊಡುವ ನೆಪದಲ್ಲಿ ಅವಳ ಮನೆಗೆ ಹೋದೆ, ನೋಟ್‌ಬುಕ್ಕನ್ನು ಬಿಟ್ಟು ಅವಳನ್ನು ಕರೆತಂದೆ. ಆಮೇಲೆ ಅವಳು ಓದು ಮುಗಿಸುವ ಮಾತೆತ್ತಿದಾಗಲೆಲ್ಲ ನಾನು ಎಂದೂ ಬೇಡವೆಂದವನಲ್ಲ. ಮಗು ಸಣ್ಣದಿದೆ, ಮುಂದಿನ ವರ್ಷ ನೋಡೋಣ. ಅಪ್ಪನಿಗೆ ಹುಷಾರಿಲ್ಲ, ಮುಂದಿನ ವರ್ಷ ಖಂಡಿತ. ಅಮ್ಮನ ಮಂಡಿ, ಮನೆ ರಿಪೇರಿ, ನನ್ನ ಬಡ್ತಿ, ಮುಂದಿನ ವರ್ಷ, ಮುಂದಿನ ವರ್ಷ. ಯಾವಾಗ ಅವಳು ಕೇಳುವುದನ್ನು ಬಿಟ್ಟಳೋ ನೆನಪಿಲ್ಲ. ಬಿಟ್ಟದ್ದು ಕೂಡ ನನ್ನ ಗಮನಕ್ಕೆ ಬಂದಿರಲಿಲ್ಲ.

ಪಾಚಿ ಬಹಳ ಹಳೆಯದು. ಉಜ್ಜಿದಷ್ಟೂ ಬರುತ್ತಿತ್ತು.

ಕೆಲಸ ಮುಗಿದಾಗ ಸಂಜೆ ನಾಲ್ಕೂ ಇಪ್ಪತ್ತು. ಆ ಸಂಜೆ ಮಗಳು ನನ್ನ ಪಕ್ಕ ಬಂದು ಕೂತಳು. ಅವಳಿಗೆ ತಾಯಿಯ ಕಣ್ಣು. ಅದೃಷ್ಟಕ್ಕೆ ಬುದ್ಧಿಯೂ ಅಲ್ಲಿನದೇ.

"ಅಪ್ಪ, ಬೇಜಾರಾಯ್ತಾ?"

"ಇಲ್ಲಮ್ಮ."

"ನನಗೆ ಎಲೆಗಳು ನಿಜವಾಗ್ಲೂ ಇಷ್ಟ ಅಪ್ಪ. ನಿನಗೋಸ್ಕರ ಸೇರಿದ್ರೆ ಎರಡು ವರ್ಷ ನಿನ್ನ ಮುಖ ನೆನೆಸ್ಕೊಂಡು ಲೆಕ್ಕ ಮಾಡಬೇಕಾಗುತ್ತೆ."

ಅದು ಯಾರಿಗೂ ಬರಬಾರದ ಶಿಕ್ಷೆಯೆಂದು ನಾನೂ ಒಪ್ಪಿದೆ.

ವಾರವಿಡೀ ಡಿಪೋದಲ್ಲಿ ಸಿಕ್ಕಸಿಕ್ಕವರನ್ನು ಕೇಳಿದೆ. ಟಿಕೆಟ್ ತಪಾಸಣೆಯವರ ತಂಗಿ ಆಗಲೇ ಇತಿಹಾಸಕ್ಕೆ ಸೇರಿದ್ದಳು. ಗ್ಯಾರೇಜಿನ ಮೇಸ್ತ್ರಿಯ ಮಗ ಹುಟ್ಟಿ ಏಳು ತಿಂಗಳಾಗಿತ್ತು. ಮನೆಯಲ್ಲಿ ತಾಯಿ ಮಗಳು ಗುಸುಗುಸು ಮಾತಾಡಿಕೊಳ್ಳುವುದು, ನಾನು ಬಂದೊಡನೆ ತರಕಾರಿಯ ವಿಚಾರಕ್ಕೆ ಹೊರಳುವುದು ನಡೆದಿತ್ತು. ನನ್ನ ಟ್ಯಾಂಕಿನ ಪರಾಕ್ರಮವನ್ನು ಆಡಿಕೊಳ್ಳುತ್ತಿದ್ದಾರೆ ಎಂದುಕೊಂಡು ಸುಮ್ಮನಿದ್ದೆ.

ಶುಕ್ರವಾರ ಅರ್ಧ ದಿನ ರಜೆ ಹಾಕಿ ವಿಶ್ವವಿದ್ಯಾಲಯಕ್ಕೆ ಹೋದೆ. ಹತ್ತನೆಯವರನ್ನು ತರಲಾಗಲಿಲ್ಲ ಮೇಷ್ಟ್ರೇ, ಎಂದು ಎದುರಿಗೆ ನಿಂತಾದರೂ ಹೇಳಬೇಕಿತ್ತು. ಮುಚ್ಚುವ ಬಾಗಿಲ ಮುಂದೆ ಅವರೊಬ್ಬರೇ ಕೂತಿರಬಾರದು.

ಇಪ್ಪತ್ತೇಳು ವರ್ಷದ ಮೇಲೂ ಆ ಕಾರಿಡಾರಿಗೆ ಅದೇ ವಾಸನೆ, ಒದ್ದೆ ಒರೆಸು ಬಟ್ಟೆ, ಹಳೆಯ ಕಾಗದ, ಸೀಮೆಸುಣ್ಣ. ಹದಿನಾಲ್ಕನೆಯ ಕೊಠಡಿಯ ಬಾಗಿಲು ಅರ್ಧ ತೆರೆದಿತ್ತು. ಇಣುಕಿದೆ. ಕಿಟಕಿಯ ಬದಿಯ ಎರಡನೆಯ ಬೆಂಚಿನ ಅಂಚು ನಮ್ಮ ಮೊಣಕೈಗಳಿಂದ ಸವೆದದ್ದು ಇನ್ನೂ ಸವೆದೇ ಇತ್ತು. ಹೊರಗೆ ಆಟದ ಬಯಲಿನಲ್ಲಿ ಯಾರೋ ಯಾರನ್ನೋ ಕೂಗುತ್ತಿದ್ದರು. ಎಷ್ಟು ಹೊತ್ತು ನಿಂತೆನೋ, ಗಡಿಯಾರ ನೋಡಿದಾಗ ನಾಲ್ಕೂವರೆ.

ಕಾರಿಡಾರಿನ ಕೊನೆಯಲ್ಲಿ ಮೇಜು. ಮೇಜಿನ ಹಿಂದೆ ಕನಿಷ್ಠ ಮೇಷ್ಟ್ರು. ಕೂದಲೂ ಈಗ ಕನಿಷ್ಠಕ್ಕಿಳಿದಿತ್ತು. ಮೇಜಿನ ಮುಂದೆ ಇಬ್ಬರು ಹೆಂಗಸರು ಬೆನ್ನು ಮಾಡಿ ಕೂತಿದ್ದರು. ಒಂದು ಬೆನ್ನನ್ನು ನಾನು ಇಪ್ಪತ್ತು ವರ್ಷದಿಂದ ಬಲ್ಲೆ, ಇನ್ನೊಂದನ್ನು ಇಪ್ಪತ್ತೇಳು ವರ್ಷದಿಂದ.

"ಇಲ್ಲಿ" ಎಂದು ಮೇಷ್ಟ್ರು ಅರ್ಜಿಯ ಮೇಲೆ ಬೆರಳಿಟ್ಟರು. ನನ್ನ ಹೆಂಡತಿ ಸಹಿ ಮಾಡಿದಳು. ನಿಧಾನವಾಗಿ, ಪ್ರತಿ ಅಕ್ಷರವನ್ನೂ ಕೂರಿಸಿ ಎಬ್ಬಿಸಿ.

"ಇದೇನು ನಡೀತಿದೆ?" ನನ್ನ ಗಂಟಲಿಂದ ಬಂದದ್ದು ಡಿಪೋದ ಸೀಟಿಯಂಥ ಸದ್ದು.

ಅವಳು ತಿರುಗಿದಳು. ಕಣ್ಣಿನಲ್ಲಿ ಹೆದರಿಕೆ ಇತ್ತು, ಹಿಂಜರಿಕೆ ಇರಲಿಲ್ಲ.

"ಅರ್ಧಕ್ಕೆ ಬಿಟ್ಟವರು ಯಾವ ವಯಸ್ಸಿನಲ್ಲಾದ್ರೂ ಬಂದು ಸೇರಬಹುದಂತೆ. ಪುಟ್ಟಿ ವಿಚಾರಿಸಿಕೊಂಡು ಬಂದಳು."

"ನನಗೊಂದು ಮಾತು ಹೇಳಬಾರದಿತ್ತಾ? ನಾನು ಬೇಡ ಅಂತಿದ್ದೆನಾ?"

"ಬೇಡ ಅಂತಿರಲಿಲ್ಲ ರೀ" ಎಂದಳು. "ಮುಂದಿನ ವರ್ಷ ಅಂತಿದ್ರಿ."

ಕಾರಿಡಾರಿನಲ್ಲಿ ಯಾವುದೋ ಕಿಟಕಿ ಗಾಳಿಗೆ ಒಮ್ಮೆ ಬಡಿದು ಸುಮ್ಮನಾಯಿತು. ಮುಂದಿನ ವರ್ಷಕ್ಕೆ ಈ ವಿಷಯವೇ ಇರುತ್ತಿರಲಿಲ್ಲ.

"ಪೋಷಕರ ಸಹಿ" ಎಂದರು ಮೇಷ್ಟ್ರು.

ನಾನು ಜೇಬಿನಿಂದ ಪೆನ್ನು ತೆಗೆದು, ಗಂಡನಿಗೆ ತಕ್ಕ ಗಾಂಭೀರ್ಯದಿಂದ ಮುಂದೆ ಬಂದೆ. ಅಷ್ಟರಲ್ಲಿ ಮಗಳು ಕಾಗದವನ್ನು ತನ್ನ ಕಡೆ ಎಳೆದುಕೊಂಡು ಸಹಿ ಹಾಕಿಬಿಟ್ಟಳು.

"ವಯಸ್ಕರು ಯಾರಾದ್ರೂ ಹಾಕಬಹುದು ಅಪ್ಪ. ನನಗೆ ಇಪ್ಪತ್ತಾಯ್ತು."

ಮೇಷ್ಟ್ರು ಅರ್ಜಿಯನ್ನು ಎತ್ತಿ ಹಿಡಿದು ಓದಿದರು. ಆಮೇಲೆ ಮೇಜಿನ ಮೇಲಿದ್ದ ಬೋರ್ಡನ್ನು ತೆಗೆದು ಮುಖ ಕೆಳಗಾಗಿ ಮಲಗಿಸಿದರು. ಕನ್ನಡಕ ತೆಗೆದು ಒರೆಸಿದರು, ಒರೆಸುತ್ತಲೇ ಇದ್ದರು.

"ಸರಿ" ಎಂದರು ಕೊನೆಗೆ.

ಅಂತೂ ವಿಷಯ ಉಳಿಯಿತು. ಹಾಗೆ ಉಳಿದದ್ದರ ಪರಿಣಾಮ ಅಡುಗೆಮನೆ ನನಗೆ ಬಂತು. ಬೆಳಗಿನ ಪಾಳಿ ಪೂರ್ತಿ, ಸಂಜೆಯದು ಅರ್ಧ. ಡಿಪೋದ ಸಾರ್ವಭೌಮ ಈಗ ಐದೂವರೆಗೆದ್ದು ಈರುಳ್ಳಿಯ ಮುಂದೆ ಕಣ್ಣೀರಿಡುತ್ತಾನೆ. ಅಮ್ಮ ಮೊದಲ ದಿನ ತಟ್ಟೆಯನ್ನು ಎರಡು ಸಲ ತಿರುಗಿಸಿ ನೋಡಿ, "ಇದನ್ನ ತಿಂದ್ರೆ ನನಗೆ ಆಪರೇಷನ್ ಬೇಕಾಗುತ್ತೆ ಕಣೋ. ಅದನ್ನಾದ್ರೂ ಕಲಿತಿದ್ದೀಯಾ?" ಎಂದಳು. ಸೊಸೆಯನ್ನು ಮಾತ್ರ ಬಾಗಿಲ ತನಕ ಹೋಗಿ ಬೀಳ್ಕೊಡುತ್ತಾಳೆ. "ನನ್ನ ಸೊಸೆ ರಿಸರ್ಚ್ ಮಾಡ್ತಿದ್ದಾಳೆ" ಎಂದು ಬೀದಿಗೆಲ್ಲ ಕೇಳುವಂತೆ ಹೇಳುತ್ತಾಳೆ.

ಹೀಗೆ ಒಂದೂವರೆ ತಿಂಗಳು ಕಳೆಯಿತು. ನಿನ್ನೆ ಸಂಜೆ ಮಗಳು ಒಂದು ಲಕೋಟೆ ಹಿಡಿದು ಬಂದಳು. "ಪೋಷಕರಿಗೆ" ಎಂದು ಬರೆದಿತ್ತು. ಅವಳು ನಾನು ಕೂರುವ ದೊಡ್ಡ ಕುರ್ಚಿಯಲ್ಲಿ ಕೂತು, ಕಾಲ ಮೇಲೆ ಕಾಲು ಹಾಕಿ, ನನ್ನನ್ನು ಅಡುಗೆಮನೆಯಿಂದ ಕರೆಸಿದಳು. ನಾನು ಸೌಟು ಹಿಡಿದೇ ಬಂದು ನಿಂತೆ. ಹೆಂಡತಿ ಕಿಟಕಿಯ ಬಳಿ ಪುಸ್ತಕದೊಳಗಿದ್ದಳು.

"ಕನಿಷ್ಠ ಮೇಷ್ಟ್ರ ಪತ್ರ" ಎಂದು ಮಗಳು ಓದತೊಡಗಿದಳು. "'ನಿಮ್ಮ ವಿದ್ಯಾರ್ಥಿನಿ ಲೆಕ್ಕದಲ್ಲಿ ತರಗತಿಗೆ ಮೊದಲು. ಆದರೆ ವಾರದಲ್ಲಿ ಮೂರು ದಿನ ಹನ್ನೆರಡು ನಿಮಿಷ ತಡ. ಕಾರಣ ಕೇಳಿದೆ. ಮನೆಯಲ್ಲಿ ಅಡುಗೆಯವರು ಹೊಸಬರಂತೆ. ಬದಲಾಯಿಸಬಹುದೆ?'"

ಅವರ ಜೀವಮಾನದಲ್ಲೇ ಅತಿ ಉದ್ದದ ಬರಹ ಅದಿರಬೇಕು.

ಮಗಳು ಪತ್ರ ಮಡಚಿ ನನ್ನನ್ನು ಅಡಿಯಿಂದ ಮುಡಿಯ ತನಕ ನೋಡಿದಳು. "ಏನು ಉತ್ತರ ಬರೀಲಿ?"

ನಾನು ಸಮರ್ಥಿಸಿಕೊಳ್ಳಲು ಬಾಯಿ ತೆರೆದೆ. ಈರುಳ್ಳಿ, ಗ್ಯಾಸಿನ ಉರಿ, ಅಮ್ಮನ ಹಲ್ಲು, ಎಷ್ಟೆಲ್ಲ ಕಾರಣಗಳಿದ್ದವು. ಆದರೆ ಪ್ರಶ್ನೆ ನನಗಲ್ಲ, ಕಿಟಕಿಯ ಕಡೆಗಿತ್ತು. ಹೆಂಡತಿ ಪುಟದ ಮೇಲಿಟ್ಟ ಬೆರಳನ್ನು ಸರಿಸಲಿಲ್ಲ, ತಲೆ ಎತ್ತಲಿಲ್ಲ.

"ಬೇಡ ಅಂತ ಬರಿ" ಎಂದಳು. "ಕಲೀತಿದ್ದಾರೆ."

ಮಗಳು ಹಾಗೆಯೇ ಬರೆದು, ಕೆಳಗೆ 'ಪೋಷಕರು' ಎಂದು ಸಹಿ ಹಾಕಿ, ಒಪ್ಪಿಗೆ ಇದೆಯೇ ನೋಡು ಎಂದು ಕಾಗದವನ್ನು ನನಗೆ ಕೊಟ್ಟಳು. ಇಪ್ಪತ್ತನಾಲ್ಕು ವರ್ಷದ ಸಂಸಾರದಲ್ಲಿ ನನಗೆ ಸಿಕ್ಕ ಮೊದಲ ಯೋಗ್ಯತಾಪತ್ರ. ಎರಡನೆಯ ಸಲ ಓದಬೇಕೆಂದಿದ್ದೆ, ಅಷ್ಟರಲ್ಲಿ ಒಲೆಯ ಕಡೆಯಿಂದ ಸೀದ ವಾಸನೆ ಬಂತು. ಓಡಿದೆ.